ಉದ್ದ ಜಾಸ್ತಿಯಾದ ಕರುಳು: ಕೊಲೊನೋಸ್ಕೋಪಿಗೆ ಮುಂಚಿನ ಒಂದು ದಿನ

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವ ಈ ದೊಡ್ಡ ಜಗ್‌ನಲ್ಲಿರುವುದು ಕರುಳು ತೊಳೆಯುವ ಔಷಧಿ. ನಾಳೆ ಬೆಳಿಗ್ಗೆ ನನಗೆ ಕೊಲೊನೋಸ್ಕೋಪಿ ಇದೆ. ಅಂದರೆ ಸ್ಕೋಪ್ ಅನ್ನುವ, ತುದಿಯಲ್ಲಿ ಕ್ಯಾಮೆರಾ ಇರುವ ಉದ್ದ ನಳಿಗೆಯನ್ನು ಗುದದ್ವಾರದಿಂದ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ. ಇದು ಎರಡನೇ ಸಲ. ಮೊದಲ ಸಲ ಮಾಡಿದಾಗ ಕ್ಯಾಮೆರಾ ಕೊನೆ ಮುಟ್ಟಲಿಲ್ಲ, ಅರ್ಧಕ್ಕೇ ನಿಲ್ಲಿಸಿದರು. ರಿಪೋರ್ಟ್‌ನಲ್ಲಿ ಕಾರಣ ಒಂದೇ ಸಾಲಿನಲ್ಲಿತ್ತು: ರಿಡಂಡೆಂಟ್, ಟಾರ್ಚುವಸ್ ಕೋಲನ್. ಅಂದರೆ ದೊಡ್ಡ ಕರುಳು ಮಾಮೂಲಿಗಿಂತ ಉದ್ದ ಇದೆ, ಜೊತೆಗೆ ಅಂಕುಡೊಂಕಾಗಿದೆ.

ಇವತ್ತಿಡೀ ಕುಡಿಯುವುದು, ಓಡುವುದು, ಮತ್ತೆ ಕುಡಿಯುವುದು. ಓಡುವ ಜಾಗಕ್ಕೆ ಕ್ಯಾಮೆರಾ ಬರುವುದಿಲ್ಲ, ಭಯ ಬೇಡ. ಮಧ್ಯೆ ಸಿಗುವ ಬಿಡುವಿನಲ್ಲಿ ಈ ಉದ್ದ ಕರುಳಿನ ಜೊತೆ ಬದುಕುವುದು ಹೇಗಿರುತ್ತದೆ ಅಂತ ಹೇಳುತ್ತಾ ಹೋಗುತ್ತೇನೆ.

ಈಗ ನಾನು ಪೇಪರ್ ಮೇಲೆ ಬರೆಯುತ್ತಿರುವ ಚಿತ್ರ ನೋಡಿ. ಚಿತ್ರಕಲೆ ನನಗೆ ಬರುವುದಿಲ್ಲ, ಆದರೂ ಅರ್ಥ ಆಗುತ್ತದೆ. ದೊಡ್ಡ ಕರುಳು ಸಾಮಾನ್ಯವಾಗಿ ಸುಮಾರು 1.5 ಮೀಟರ್ ಉದ್ದ ಇರುತ್ತದೆ. ಹೊಟ್ಟೆಯ ಬಲಗಡೆ, ಕೆಳಗಿನಿಂದ ಶುರು. ಆ ಮೊದಲ ಭಾಗಕ್ಕೆ ಸೀಕಮ್ ಅಂತಾರೆ. ಅಲ್ಲಿಂದ ಮೇಲಕ್ಕೆ ಹತ್ತಿ, ಲಿವರ್ ಕೆಳಗೆ ತಿರುಗಿ, ಅಡ್ಡಡ್ಡ ಎಡಕ್ಕೆ ಬರುತ್ತದೆ. ಎಡ ಪಕ್ಕೆಲುಬಿನ ಕೆಳಗೆ ಇನ್ನೊಂದು ತಿರುವು. ಆಮೇಲೆ ಕೆಳಗಿಳಿದು, ಸಿಗ್ಮಾಯ್ಡ್ ಅನ್ನುವ ಡೊಂಕಿನಲ್ಲಿ ಸುತ್ತಿಕೊಂಡು ಗುದನಾಳ ಸೇರುತ್ತದೆ.

ಇದರಲ್ಲಿ ಹತ್ತುವ ಭಾಗ, ಇಳಿಯುವ ಭಾಗ ಎರಡೂ ಹೊಟ್ಟೆಯ ಹಿಂಬದಿ ಗೋಡೆಗೆ ಅಂಟಿಕೊಂಡಿರುತ್ತವೆ. ಅಲ್ಲಾಡುವುದು ಕಡಿಮೆ. ಅಡ್ಡ ಇರುವ ಭಾಗ ಮತ್ತು ಸಿಗ್ಮಾಯ್ಡ್ ಹಾಗಲ್ಲ. ಅವು ಒಂದು ತೆಳ್ಳನೆಯ ಪದರಕ್ಕೆ ಜೋತುಬಿದ್ದಿರುತ್ತವೆ. ಹಾಗಾಗಿ ಉದ್ದ ಜಾಸ್ತಿಯಾದರೆ ಅದು ಸಾಮಾನ್ಯವಾಗಿ ಈ ಎರಡು ಕಡೆ ಸುತ್ತು ಹಾಕಿಕೊಂಡು ಕೂರುತ್ತದೆ. ಅಡ್ಡ ಭಾಗ ಕೆಲವರಲ್ಲಿ ಸೊಂಟದ ಎಲುಬಿನ ಗುಳಿಯ ತನಕ ಇಳಿದಿರುತ್ತದೆ. ಹೆಂಗಸರಲ್ಲಿ ಇದು ಜಾಸ್ತಿ. ಅಳೆದು ನೋಡಿದಾಗ ಸರಾಸರಿಯಲ್ಲಿ ಅವರ ದೊಡ್ಡ ಕರುಳೇ ಗಂಡಸರಿಗಿಂತ ಉದ್ದ ಅಂತ ಕಂಡಿದೆ. ಹೊಟ್ಟೆ ಚಿಕ್ಕದು, ಕರುಳು ಉದ್ದ. ಎಲ್ಲಿ ಹೋಗಬೇಕು ಅದು?

ಇದು ಕಾಯಿಲೆಯಾ? ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರೂ ಕೇಳುವುದು ಇದನ್ನೇ. ಅಲ್ಲ. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಗೆ ಮುಂಚಿನ ಹಂತವೂ ಅಲ್ಲ. ಹುಟ್ಟಿನಿಂದಲೇ ಹೀಗಿದ್ದು, ಜೀವನಪೂರ್ತಿ ಒಂದು ದಿನವೂ ತೊಂದರೆ ಕಾಣದವರು ಎಷ್ಟೋ ಜನ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸುಮ್ನೆ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಇನ್ನು ಕೆಲವರಿಗೆ ಮಲಬದ್ಧತೆ, ಹೊಟ್ಟೆ ಉಬ್ಬರ, ಗ್ಯಾಸ್, ಮೋಷನ್ ಆದಮೇಲೂ ಪೂರ್ತಿ ಆಗಿಲ್ಲ ಅನ್ನುವ ಕಿರಿಕಿರಿ. ನಾನು ಈ ಎರಡನೇ ಗುಂಪಿನವರಲ್ಲಿ ಒಬ್ಬರು.

ಎರಡನೇ ಲೋಟ ಈಗ. ಮೂಗು ಮುಚ್ಚಿಕೊಂಡು, ಸ್ಟ್ರಾ ಹಾಕಿ, ತಣ್ಣಗೆ ಮಾಡಿ. ಮೂರೂ ಸೇರಿದರೆ ತಡೆದುಕೊಳ್ಳಬಹುದು.

ನನ್ನ ತಲೆಯಲ್ಲಿರುವ ಮುಖ್ಯ ಮಾತು ಈಗಲೇ ಹೇಳಿಬಿಡುತ್ತೇನೆ. ರಿಪೋರ್ಟ್‌ನ ಆ ಸಾಲು ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಕ್ಯಾಮೆರಾ ಯಾಕೆ ಮುಂದೆ ಹೋಗಲಿಲ್ಲ? ನನಗೆ ಯಾಕೆ ಮಲಬದ್ಧತೆ ಅನ್ನುವುದು ಬೇರೆ ಪ್ರಶ್ನೆ. ಇದಕ್ಕೂ ಅದೇ ಉತ್ತರ ಅಂದುಕೊಂಡು ಬಿಟ್ಟರೆ ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಮಲಬದ್ಧತೆ ಬರುತ್ತದೆ. ಕಬ್ಬಿಣಾಂಶದ ಮಾತ್ರೆಯಿಂದ ಬರುತ್ತದೆ. ಕೆಲವು ನೋವಿನ ಔಷಧಿಗಳಿಂದ ಬರುತ್ತದೆ. ಇವನ್ನೆಲ್ಲ ಬಿಟ್ಟು ಉದ್ದದ ಮೇಲೇ ಗೂಬೆ ಕೂರಿಸುವುದು ಸುಲಭ, ಯಾಕೆಂದರೆ ಅದು ಚಿತ್ರದಲ್ಲಿ ಕಾಣುತ್ತದೆ.

ನನ್ನ ಡಾಕ್ಟರ್ ಅಲ್ಲಿಗೆ ನಿಲ್ಲಿಸಲಿಲ್ಲ. ಮೊದಲು ರಕ್ತಪರೀಕ್ಷೆ. ಆಮೇಲೆ ಒಂದು ಮಜವಾದ ಪರೀಕ್ಷೆ ಮಾಡಿಸಿದರು. ಒಂದು ಕ್ಯಾಪ್ಸೂಲ್ ನುಂಗಬೇಕು. ಅದರೊಳಗೆ ಎಕ್ಸ್‌ರೇಯಲ್ಲಿ ಕಾಣುವ 24 ಪುಟಾಣಿ ಉಂಗುರಗಳಿರುತ್ತವೆ. 5ನೇ ದಿನ ಹೊಟ್ಟೆಯ ಎಕ್ಸ್‌ರೇ. ಅಲ್ಲಿಯವರೆಗೆ ಭೇದಿ ಮಾಡಿಸುವ ಮಾತ್ರೆ ಮುಟ್ಟುವ ಹಾಗಿಲ್ಲ. 5ಕ್ಕಿಂತ ಹೆಚ್ಚು ಉಂಗುರ ಒಳಗೇ ಉಳಿದಿದ್ದರೆ ಸಾಗಾಟ ನಿಧಾನ ಅಂತ ಲೆಕ್ಕ. ಎಷ್ಟು ಉಳಿದಿವೆ ಅನ್ನುವುದರ ಜೊತೆಗೆ ಎಲ್ಲಿ ಉಳಿದಿವೆ ಅನ್ನುವುದನ್ನೂ ನೋಡುತ್ತಾರೆ. ಕರುಳಿನ ಉದ್ದಕ್ಕೂ ಚೆಲ್ಲಾಡಿದ್ದರೆ ಕರುಳೇ ನಿಧಾನ. ಎಲ್ಲ ಕೊನೆಯಲ್ಲಿ, ಗುದನಾಳದ ಹತ್ತಿರ ಗುಂಪುಗೂಡಿದ್ದರೆ ಬಾಗಿಲಲ್ಲೇ ಏನೋ ತೊಂದರೆ ಇರಬಹುದು.

ಇದೋ, ನನ್ನ ಎಕ್ಸ್‌ರೇ. ಗುಂಪು ಎಲ್ಲಿದೆ ನೋಡಿ. ಕೆಳಗೆ, ಕೊನೆಯಲ್ಲಿ.

ಅಂದರೆ ಅಷ್ಟುದ್ದದ ಕರುಳು ತನ್ನ ಕೆಲಸ ಹೆಚ್ಚುಕಮ್ಮಿ ಸರಿಯಾಗಿಯೇ ಮಾಡಿ, ಸರಕನ್ನು ಬಾಗಿಲ ತನಕ ತಂದಿತ್ತು. ಆಮೇಲೆ ಇನ್ನೊಂದು ಪರೀಕ್ಷೆ ಮಾಡಿದರು. ಗುದದ್ವಾರದಲ್ಲಿ ತೆಳ್ಳನೆಯ ನಳಿಗೆ ಇಟ್ಟು ಸ್ನಾಯುಗಳ ಒತ್ತಡ ಅಳೆಯುತ್ತಾರೆ. ನೀರು ತುಂಬಿದ ಪುಟ್ಟ ಬಲೂನನ್ನು ಹೊರಗೆ ತಳ್ಳಲು ಹೇಳುತ್ತಾರೆ. ಮುಜುಗರ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಗೊತ್ತಾಗಿದ್ದು ದೊಡ್ಡ ವಿಷಯ. ಮಲ ಹೊರಹಾಕಲು ನಾನು ತಿಣುಕಿದಾಗ ಸಡಿಲ ಆಗಬೇಕಾದ ಸ್ನಾಯು ಇನ್ನೂ ಬಿಗಿಯಾಗುತ್ತಿತ್ತು. ಇದಕ್ಕೆ ಮದ್ದು ಬಯೋಫೀಡ್‌ಬ್ಯಾಕ್. ಸ್ನಾಯು ಏನು ಮಾಡುತ್ತಿದೆ ಅಂತ ಪರದೆ ಮೇಲೆ ತೋರಿಸುತ್ತಾ, ಯಾವುದನ್ನು ಸಡಿಲ ಬಿಡಬೇಕು, ಉಸಿರನ್ನು ಹೇಗೆ ಬಳಸಬೇಕು ಅಂತ ಥೆರಪಿಸ್ಟ್ ಕಲಿಸುತ್ತಾರೆ. ನಿಧಾನಕ್ಕೆ ಕಲಿಯುವ ಕೆಲಸ. ನನಗೆ ಯಾವ ಮಾತ್ರೆಗಿಂತಲೂ ಇದರಿಂದ ಜಾಸ್ತಿ ಉಪಯೋಗ ಆಯಿತು. ಉದ್ದ ಮಾತ್ರ ಒಂದಿಂಚೂ ಕಡಿಮೆ ಆಗಿಲ್ಲ.

ಒಂದು ನಿಮಿಷ. ಹೋಗಿ ಬರುತ್ತೇನೆ.

ಹಾಂ, ಬಂದೆ. ಎಲ್ಲಿದ್ದೆವು? ಬಾತ್‌ರೂಮ್ ವಿಷಯವೇ ಬಂತಲ್ಲ, ಅಲ್ಲಿಂದಲೇ ಮುಂದುವರಿಸೋಣ. ಕಮೋಡ್ ಮುಂದೆ ಇಟ್ಟಿರುವ ಈ ಗಿಡ್ಡ ಸ್ಟೂಲ್ ನೋಡಿ. ಕಾಲು ಇದರ ಮೇಲೆ ಇಟ್ಟರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತದೆ. ಕುಕ್ಕರುಗಾಲಿನಲ್ಲಿ ಕೂತ ಹಾಗೆ. ಗುದನಾಳವನ್ನು ಒಂದು ಸ್ನಾಯು ಪಟ್ಟಿಯ ಹಾಗೆ ಬಳಸಿ ಮುಂದಕ್ಕೆ ಎಳೆದು ಹಿಡಿದಿರುತ್ತದೆ. ಹೀಗೆ ಕೂತಾಗ ಅದು ಸಡಿಲ ಆಗುತ್ತದೆ, ದಾರಿ ನೇರ ಆಗುತ್ತದೆ.

ಇನ್ನು ಹೊತ್ತು. ಎದ್ದ ಮೇಲೆ, ತಿಂಡಿ ಆದ ಮೇಲೆ ದೊಡ್ಡ ಕರುಳು ಜೋರಾಗಿ ತಳ್ಳುತ್ತದೆ. ಹೊಟ್ಟೆಗೆ ಆಹಾರ ಬಿದ್ದರೆ ಕೆಳಗೆ ಚಲನೆ ಶುರು. ಅದು ಹುಟ್ಟುಗುಣ. ಆ ಹೊತ್ತನ್ನು ಫೋನಿನಲ್ಲಿ, ಆಫೀಸಿನ ಗಡಿಬಿಡಿಯಲ್ಲಿ ಕಳೆದುಕೊಂಡರೆ ಮತ್ತೆ ಸಂಜೆ ತನಕ ಕಾಯುವುದೇ. ನಾನು ಆ ಹೊತ್ತನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಮೀಟಿಂಗ್ ಇದ್ದರೂ ಸರಿ.

ನಾರಿನ ವಿಷಯದಲ್ಲಿ ಎಲ್ಲರೂ ಒಂದೇ ರಾಗ ಹಾಡುತ್ತಾರೆ: ನಾರು ಜಾಸ್ತಿ ತಿನ್ನಿ. ದೊಡ್ಡವರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಬೇಕು ಅನ್ನುವುದು ನಿಜ. ಆದರೆ ಉಬ್ಬರ ಇರುವವರು ಒಂದೇ ದಿನ ಏರಿಸಿದರೆ ಹೊಟ್ಟೆ ನಗಾರಿ ಆಗುತ್ತದೆ. ಸ್ವಲ್ಪ ಸ್ವಲ್ಪವೇ ಏರಿಸಬೇಕು. ನನಗೆ ಒರಟು ಹೊಟ್ಟಿಗಿಂತ ಇಸಬ್‌ಗೋಲ್ ಒಗ್ಗುತ್ತದೆ. ಅದನ್ನು ತುಂಬಾ ನೀರಿನ ಜೊತೆಗೇ ಕುಡಿಯಬೇಕು, ಇಲ್ಲದಿದ್ದರೆ ಗಂಟಲಲ್ಲಿ, ಕರುಳಲ್ಲಿ ಉಂಡೆ ಕಟ್ಟಿಕೊಳ್ಳುವ ಅಪಾಯ ಇದೆ. ಕರುಳಿನ ಸಾಗಾಟವೇ ತೀರಾ ನಿಧಾನ ಇರುವವರಿಗೆ ನಾರಿನಿಂದ ಉಬ್ಬರ ಇನ್ನೂ ಜಾಸ್ತಿ ಆಗಬಹುದು. ಅವರಿಗೆ ನಾರು ತಿನ್ನಿ, ನಾರು ತಿನ್ನಿ ಅಂತ ಒತ್ತಾಯ ಮಾಡುವುದು ಹಿಂಸೆ.

ಔಷಧಿಯಲ್ಲಿ ನನ್ನದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಅದು ಕರುಳಲ್ಲಿ ನೀರನ್ನು ಹಿಡಿದಿಡುತ್ತದೆ, ಮಲ ಮೆತ್ತಗಾಗುತ್ತದೆ. ಲ್ಯಾಕ್ಟುಲೋಸ್ ಕೂಡ ನೀರನ್ನೇ ತರುತ್ತದೆ, ಆದರೆ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಗ್ಯಾಸ್ ಮಾಡುತ್ತವೆ. ನನ್ನಂಥ ಉಬ್ಬರದವರಿಗೆ ಅದು ಕಷ್ಟ. ತಮಾಷೆ ಏನು ಗೊತ್ತಾ? ಈ ಜಗ್‌ನಲ್ಲಿರುವುದೂ ಅದೇ ಪಾಲಿಎಥಿಲೀನ್ ಗ್ಲೈಕಾಲ್, ಲವಣಗಳ ಜೊತೆ. ದಿನವೂ ಕುಡಿಯುವುದು ಒಂದು ಚಮಚದ ಲೆಕ್ಕ, ಇವತ್ತು ಲೀಟರ್ ಲೆಕ್ಕ.

ಉದ್ದ ಇದ್ದರೆ ಕತ್ತರಿಸಿ ಹಾಕಬಾರದಾ? ಇದನ್ನು ಕೇಳದ ನೆಂಟರಿಲ್ಲ. ಈ ಯೋಚನೆ ಹಳೆಯದು. 20ನೇ ಶತಮಾನದ ಶುರುವಿನಲ್ಲಿ ಲಂಡನ್‌ನ ಗೈಸ್ ಆಸ್ಪತ್ರೆಯಲ್ಲಿ ವಿಲಿಯಂ ಆರ್ಬತ್‌ನಾಟ್ ಲೇನ್ ಅಂತ ಹೆಸರಾಂತ ಸರ್ಜನ್ ಇದ್ದರು. ಕರುಳಿನ ಡೊಂಕುಗಳಲ್ಲಿ ಮಲ ನಿಂತು, ಅದರ ವಿಷ ಮೈಗೆಲ್ಲ ಏರುತ್ತದೆ, ನೂರೆಂಟು ಕಾಯಿಲೆಗೆ ಅದೇ ಮೂಲ ಅನ್ನುವುದು ಅವರ ನಂಬಿಕೆ. ಹಾಗಂತ ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ತೆಗೆದುಹಾಕುತ್ತಿದ್ದರು. ಆ್ಯಂಟಿಬಯಾಟಿಕ್ ಇಲ್ಲದ ಕಾಲ ಅದು. ವಿಷದ ಆ ವಾದ ಆಮೇಲೆ ಬಿದ್ದುಹೋಯಿತು. ಲೇನ್ ಕೂಡ ಕತ್ತಿ ಕೆಳಗಿಟ್ಟು, 1925ರಲ್ಲಿ ನ್ಯೂ ಹೆಲ್ತ್ ಸೊಸೈಟಿ ಅಂತ ಕಟ್ಟಿ, ಹಣ್ಣು, ತರಕಾರಿ, ಹೊಟ್ಟು ತಿನ್ನಿ ಅಂತ ಪ್ರಚಾರಕ್ಕೆ ಇಳಿದರು. ಅವರ ಹಳೇ ವಾದ ಮಾತ್ರ ಸತ್ತಿಲ್ಲ. ಕರುಳು ಡಿಟಾಕ್ಸ್ ಅನ್ನುವ ಜಾಹೀರಾತು ಕಂಡಾಗಲೆಲ್ಲ ನನಗೆ ಲೇನ್ ನೆನಪಾಗುತ್ತಾರೆ.

ಈಗ ಆಪರೇಷನ್ ಮಾಡುವುದು ಅಪರೂಪ. ಬರೀ ಉದ್ದ ಅಂತ ಮಾಡುವುದಿಲ್ಲ. ಸಾಗಾಟ ತೀರಾ ನಿಧಾನ ಅಂತ ಪರೀಕ್ಷೆಯಲ್ಲಿ ಖಚಿತ ಆಗಿ, ಯಾವ ಔಷಧಿಗೂ ಬಗ್ಗದಿದ್ದಾಗ ಆ ಮಾತು ಬರುತ್ತದೆ. ಅದಕ್ಕೂ ಮೊದಲು ಬಾಗಿಲಿನ ಸ್ನಾಯು ಸರಿ ಇದೆಯಾ ನೋಡಲೇಬೇಕು. ಅದು ಕೆಟ್ಟಿದ್ದರೆ ಕರುಳು ತೆಗೆದು ಏನು ಬಂತು?

ಒಂದು ಸಂದರ್ಭ ಮಾತ್ರ ಬೇರೆ. ಉದ್ದವಾಗಿ ಜೋತುಬಿದ್ದ ಸಿಗ್ಮಾಯ್ಡ್ ಕೆಲವೊಮ್ಮೆ ತನ್ನ ಸುತ್ತಲೇ ತಿರುಚಿಕೊಳ್ಳುತ್ತದೆ. ಇದಕ್ಕೆ ವಾಲ್ವುಲಸ್ ಅಂತಾರೆ. ದಾರಿ ಮುಚ್ಚುತ್ತದೆ, ರಕ್ತ ಓಡಾಡುವುದೂ ನಿಲ್ಲಬಹುದು. ಉದ್ದ ಕರುಳಿನವರಲ್ಲಿ ಹೆಚ್ಚಿನವರಿಗೆ ಇದು ಯಾವತ್ತೂ ಆಗುವುದಿಲ್ಲ. ಆದರೂ ಗುರುತು ಗೊತ್ತಿರಲಿ: ಹೊಟ್ಟೆ ಗಟ್ಟಿಯಾಗಿ ಉಬ್ಬುವುದು, ತೀವ್ರ ನೋವು, ಮೋಷನ್ ಇರಲಿ, ಗಾಳಿಯೂ ಹೋಗದಿರುವುದು, ವಾಂತಿ. ಆಗ ಭೇದಿ ಮಾತ್ರೆ ನುಂಗಿ ಮಲಗಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ. ಕರುಳು ಕೊಳೆತಿರದಿದ್ದರೆ ಮೊದಲು ಸ್ಕೋಪ್ ಹಾಕಿ ತಿರುಚು ಬಿಡಿಸುತ್ತಾರೆ. ಮತ್ತೆ ತಿರುಚುವ ಸಾಧ್ಯತೆ ಜಾಸ್ತಿ ಇರುವುದರಿಂದ ಆಮೇಲೆ ಆ ಭಾಗ ತೆಗೆಯುತ್ತಾರೆ. ಇದನ್ನು ನಮ್ಮ ಮನೆಯವರಿಗೂ ಹೇಳಿದ್ದೇನೆ. ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇವೂ ಅಷ್ಟೇ. ಅಯ್ಯೋ, ನನ್ನದು ಉದ್ದ ಕರುಳು ಅಂತ ಸುಮ್ಮನಿರಬಾರದು.

ಎಡ ಪಕ್ಕೆಲುಬಿನ ಕೆಳಗೆ ಚುಚ್ಚಿದ ಹಾಗೆ ನೋವು ಬರುತ್ತದೆ ಅಂತ ಹಲವರು ಹೇಳುತ್ತಾರೆ. ನನಗೂ ಬರುತ್ತದೆ. ಆ ಎತ್ತರದ ತಿರುವಿನಲ್ಲಿ ಗ್ಯಾಸ್ ಸಿಕ್ಕಿಕೊಂಡರೆ ಎದೆನೋವಿನ ಹಾಗೇ ಇರುತ್ತದೆ. ನಡೆದಾಡಿದರೆ ನನಗೆ ಕಡಿಮೆಯಾಗುತ್ತದೆ. ಆದರೆ ಎದೆನೋವನ್ನು ಗ್ಯಾಸ್ ಅಂತ ನೀವೇ ತೀರ್ಮಾನ ಮಾಡಬೇಡಿ. ಮೊದಲು ಹೃದಯ ಸರಿ ಇದೆ ಅಂತ ಖಾತ್ರಿ ಆಗಲಿ.

ರಾತ್ರಿ ಆಯಿತು. ಅರ್ಧ ಔಷಧಿ ಮುಗಿಯಿತು, ಉಳಿದರ್ಧ ಬೆಳಗಿನ ಜಾವಕ್ಕೆ. ಹೀಗೆ ಎರಡು ಪಾಲು ಮಾಡಿ ಕುಡಿದರೆ ಕರುಳು ಚೆನ್ನಾಗಿ ಶುಚಿಯಾಗುತ್ತದೆ. ಉದ್ದ ಕರುಳು, ಹಳೇ ಮಲಬದ್ಧತೆ ಎರಡೂ ಇರುವವರಿಗೆ ಮಾಮೂಲಿ ತಯಾರಿ ಸಾಲದೆ ಹೋಗಬಹುದು. ಅದಕ್ಕೇ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳಿಬಿಡಿ. ನನಗೆ ನಾರಿಲ್ಲದ ಊಟವನ್ನು ಕೆಲವು ದಿನ ಮೊದಲೇ ಶುರು ಮಾಡಿಸಿದ್ದರು.

ಇದು ಮಾರನೇ ದಿನ. ಮಂಚದ ಮೇಲೆ ಮಲಗಿ ಕಾಯುತ್ತಿದ್ದೇನೆ. ಒಳಗೆ ಏನಾಗುತ್ತದೆ ಅಂತ ಡಾಕ್ಟರ್ ಮೊದಲೇ ವಿವರಿಸಿದ್ದರು. ಸ್ಕೋಪನ್ನು ತಳ್ಳಿದರೆ, ಸಡಿಲವಾಗಿರುವ ಕರುಳು ಅದರ ಜೊತೆಗೇ ಹಿಗ್ಗಿ ಸುತ್ತಾಗುತ್ತದೆ. ತುದಿ ಮುಂದೆ ಹೋಗುವುದಿಲ್ಲ, ನೋವು ಮಾತ್ರ ಬರುತ್ತದೆ. ಹಾಗಾಗಿ ತಳ್ಳುವುದಕ್ಕಿಂತ ಹಿಂದಕ್ಕೆ ಎಳೆದು ನೇರ ಮಾಡುವುದೇ ಜಾಸ್ತಿ. ಪೈಜಾಮಕ್ಕೆ ಲಾಡಿ ಪೋಣಿಸುವಾಗ ಬಟ್ಟೆ ಪಿನ್ನಿನ ಮೇಲೆ ನೆರಿಗೆ ನೆರಿಗೆಯಾಗಿ ಕೂರುತ್ತದಲ್ಲ, ಕರುಳೂ ಸ್ಕೋಪ್ ಮೇಲೆ ಹಾಗೆ ಕೂರಬೇಕು. ಸುತ್ತು ಬೀಳದ ಹಾಗೆ ನರ್ಸ್ ಹೊರಗಿನಿಂದ ಹೊಟ್ಟೆ ಒತ್ತಿ ಹಿಡಿಯುತ್ತಾರೆ. ನಮ್ಮನ್ನು ಎಡಕ್ಕೆ, ಬಲಕ್ಕೆ, ಅಂಗಾತ ಹೊರಳಿಸುತ್ತಾರೆ. ಗಾಳಿಯ ಬದಲು ನೀರು ಬಿಡುತ್ತಾ ಹೋಗುವುದೂ ಉಂಟು. ಮಕ್ಕಳಿಗೆ ಬಳಸುವ ತೆಳು ಸ್ಕೋಪ್ ಕೆಲವರಿಗೆ ಸಲೀಸು. ಇದ್ಯಾವುದೂ ಆಗದಿದ್ದರೆ ಸಿಟಿ ಸ್ಕ್ಯಾನ್‌ನಲ್ಲೇ ಕರುಳಿನ ಒಳಮೈ ನೋಡುವ ದಾರಿ ಇದೆ. ಅರ್ಧಕ್ಕೇ ನಿಂತ ಕೊಲೊನೋಸ್ಕೋಪಿಯನ್ನು ಹಾಗೇ ಬಿಡಬಾರದು. ನೋಡದೆ ಉಳಿದ ಭಾಗದಲ್ಲಿ ಏನಿದೆ ಅಂತ ಯಾರಿಗೆ ಗೊತ್ತು?

ಮುಗಿಯಿತು. ನಾಲಿಗೆ ಇನ್ನೂ ಸ್ವಲ್ಪ ತೊದಲುತ್ತಿದೆ, ಅದಕ್ಕೇ ಈ ಭಾಗಕ್ಕೆ ಆಮೇಲೆ ದನಿ ಕೊಡುತ್ತಿದ್ದೇನೆ. ಈ ಸಲ ಸೀಕಮ್ ತನಕ ಹೋದರು. ಅಪೆಂಡಿಕ್ಸ್‌ನ ಬಾಯಿ ಕಾಣುವ ಫೋಟೋ ಕೂಡ ಕೊಟ್ಟಿದ್ದಾರೆ. ಒಳಗೆ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು, ಏನೂ ಇಲ್ಲ. ಹೊರಡುವ ಮುಂಚೆ ಡಾಕ್ಟರ್ ಹತ್ತಿರ ಮೂರು ವಿಷಯ ಬರೆಸಿಕೊಂಡೆ: ಯಾವ ಸ್ಕೋಪ್ ಬಳಸಿದರು, ಯಾವ ಮಗ್ಗುಲಲ್ಲಿ ಮಲಗಿದಾಗ ಸ್ಕೋಪ್ ಮುಂದೆ ಹೋಯಿತು, ಹೊಟ್ಟೆಯ ಯಾವ ಕಡೆ ಒತ್ತಿದರು. ಆ ಹಾಳೆಯ ಫೋಟೋ ಫೋನಿನಲ್ಲಿದೆ. ಮುಂದಿನ ಸಲ ಬೇರೆ ಡಾಕ್ಟರ್ ಸಿಕ್ಕರೂ ಅವರು ಮೊದಲಿಂದ ಹುಡುಕಾಡಬೇಕಿಲ್ಲ.