ಹೆಸರು ಹೇಳಿ ಅನುಮತಿ ಕೊಡಿ

ಕೇಳುಗರಿಗೆಲ್ಲ ನಮಸ್ಕಾರ. ಕಚೇರಿಯಲ್ಲೋ ಕಾಲೇಜಿನಲ್ಲೋ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ, ಆ ಕೆಲಸ ಈಗಷ್ಟೇ ಕಲಿಯುತ್ತಿರುವವರಿಗೆ ಇವತ್ತಿನ ಮಾತು. ಹೇಳಬೇಕಾದ್ದು ಒಂದೇ. ಒಬ್ಬರಿಗೆ ಒಂದು ಫೈಲ್ ಬೇಕಾದರೆ ಅವರ ಹೆಸರು ಹೇಳಿ ಅನುಮತಿ ಕೊಡಿ. 777 ಹೊಡೆಯಬೇಡಿ. "777 ಹಾಕಿಬಿಡು, ಕೆಲಸ ಆಗುತ್ತೆ" ಅನ್ನುವ ಸಲಹೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಏನಿದು 777? ಫೈಲಿನ ಅನುಮತಿ ಬದಲಿಸುವ ಸಿಎಚ್‌ಮಾಡ್ ಆಜ್ಞೆಗೆ ಕೊಡುವ ಅಂಕಿ. ಓದಲು 4, ಬರೆಯಲು 2, ನಡೆಸಲು 1. ಮೂರೂ ಕೂಡಿದರೆ 7. ಮೊದಲ ಅಂಕಿ ಫೈಲಿನ ಯಜಮಾನನದು, ಎರಡನೆಯದು ಗುಂಪಿನದು, ಮೂರನೆಯದು ಉಳಿದವರೆಲ್ಲರದು. ಅಂದರೆ 777 ಹಾಕಿದರೆ ಆ ಸರ್ವರ್‌ನಲ್ಲಿ ಖಾತೆ ಇರುವ ಯಾರು ಬೇಕಾದರೂ ನಿಮ್ಮ ಫೈಲನ್ನು ಓದಬಹುದು, ತಿದ್ದಬಹುದು.

ಲಿನಕ್ಸ್‌ಗೆ ಮಾದರಿಯಾದ ಹಳೆಯ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್ ಕಾಲದಿಂದ ಬಂದ ಪದ್ಧತಿ ಇದು. ಮೂರು ವರ್ಗ, ಒಂಬತ್ತು ಬಿಟ್, ಅಷ್ಟೇ. ಮದುವೆಮನೆಯ ಉಗ್ರಾಣ ನೆನೆಸಿಕೊಳ್ಳಿ. ಮನೆಯವರು, ನೆಂಟರು, ಊರವರು ಅಂತ ಮೂರೇ ವರ್ಗ ಇದ್ದರೆ ಅಡುಗೆ ಭಟ್ಟರು ಎಲ್ಲಿ ಸೇರುತ್ತಾರೆ? ಅವರನ್ನು ಒಳಗೆ ಬಿಡಲು ಊರಿಗೆಲ್ಲ ಉಗ್ರಾಣ ತೆರೆಯಬೇಕಾ? ಬೇಡ ಅಲ್ವಾ? ಬಾಗಿಲಲ್ಲಿ ಒಂದು ಪಟ್ಟಿ ಇಟ್ಟು ಭಟ್ಟರ ಹೆಸರು ಬರೆದರೆ ಸಾಕು. ಆ ಪಟ್ಟಿಯೇ ಆಕ್ಸೆಸ್ ಕಂಟ್ರೋಲ್ ಲಿಸ್ಟ್, ಚಿಕ್ಕದಾಗಿ ಎಸಿಎಲ್.

ಇದೇನೂ ಹೊಸ ಯೋಚನೆ ಅಲ್ಲ. ಯುನಿಕ್ಸ್‌ಗಿಂತ ಹಿಂದಿನ ಮಲ್ಟಿಕ್ಸ್‌ನಲ್ಲೇ ಇಂಥ ಪಟ್ಟಿ ಇತ್ತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲೂ ಇತ್ತು. ಯುನಿಕ್ಸ್‌ಗಳಿಗೆಲ್ಲ ಒಂದೇ ನಿಯಮ ಮಾಡಲು ಪೋಸಿಕ್ಸ್ ಸಮಿತಿ ಕೂತು 17ನೇ ಕರಡಿನವರೆಗೂ ಬರೆದು, ಕೊನೆಗೆ ಕೈಬಿಟ್ಟಿತು. ಕೈಬಿಟ್ಟ ಆ ಕರಡನ್ನೇ ಹಿಡಿದು ಆಂಡ್ರಿಯಾಸ್ ಗ್ರೂನ್‌ಬಾಖರ್ ಲಿನಕ್ಸ್‌ಗೆ ಎಸಿಎಲ್ ಬರೆದರು. 2002ರಲ್ಲಿ ಅದು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಸೇರಿತು. ಹಾಗಾಗಿ ಈಗ ನೀವು ಕೂರುವ ಸರ್ವರ್‌ನಲ್ಲೂ ಅದು ಇದೆ. ಬಳಸುವವರು ಮಾತ್ರ ಕಡಿಮೆ!

ಕರ್ನಲ್ ಏನು ಮಾಡುತ್ತದೆ? ನೀವು ಫೈಲ್ ತೆರೆಯಲು ಹೋದಾಗ ಮೊದಲು ನೀವು ಯಜಮಾನರಾ ಅಂತ ನೋಡುತ್ತದೆ. ಅಲ್ಲದಿದ್ದರೆ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕುತ್ತದೆ. ಆಮೇಲೆ ಗುಂಪುಗಳು. ಯಾವುದರಲ್ಲೂ ಇಲ್ಲದವರು ಉಳಿದವರು. ಹೆಸರು ಸೇರಿಸಲು ಒಂದೇ ಸಾಲು ಸಾಕು: ಸೆಟ್‌ಎಫ್‌ಎಸಿಎಲ್, ಮೈನಸ್ ಎಮ್, ಯು ಕೋಲನ್ ಲತಾ ಕೋಲನ್ ಆರ್‌ಡಬ್ಲ್ಯೂ, ಆಮೇಲೆ ಫೈಲಿನ ಹೆಸರು. ಲತಾ ಅನ್ನುವವರಿಗೆ ಓದಲು (ಆರ್), ಬರೆಯಲು (ಡಬ್ಲ್ಯೂ) ಅನುಮತಿ ಸಿಕ್ಕಿತು. 777 ಹೊಡೆಯುವುದಕ್ಕಿಂತ ಒಂದಿಷ್ಟು ಅಕ್ಷರ ಜಾಸ್ತಿ ಇರಬಹುದು. ಅಷ್ಟಕ್ಕೆ ಸೋಮಾರಿತನ ಬೇಡ.

ಒಂದು ಕಾಲೇಜಿನ ಕಥೆ ಹೇಳಲೇಬೇಕು. ಅಂಕಗಳ ಫೈಲ್ ಒಂದು ಸರ್ವರ್‌ನಲ್ಲಿತ್ತು. ಯಜಮಾನರು ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್. ಒಬ್ಬ ಅತಿಥಿ ಉಪನ್ಯಾಸಕಿಯ ಹೆಸರನ್ನು ಪಟ್ಟಿಗೆ ಸೇರಿಸಿ, ಓದಲು ಬರೆಯಲು ಅನುಮತಿ ಕೊಟ್ಟಿದ್ದೆವು. ಚೆನ್ನಾಗಿಯೇ ನಡೆದಿತ್ತು. ಒಂದು ದಿನ ಅವರಿಂದ ಫೋನ್ ಬಂತು. "ಸರ್, ಪರ್ಮಿಷನ್ ಡಿನೈಡ್ ಅಂತಿದೆ." ಎಸಿಎಲ್ ಪಟ್ಟಿ ತೋರಿಸುವ ಆಜ್ಞೆ ಗೆಟ್‌ಎಫ್‌ಎಸಿಎಲ್ ಹೊಡೆದು ನೋಡಿ ಅಂದೆ. "ನೋಡಿದೆ ಸರ್. ನನ್ನ ಹೆಸರಿದೆ. ಆರ್‌ಡಬ್ಲ್ಯೂ ಅಂತಾನೂ ಇದೆ." "ಮೇಡಂ, ಆ ಸಾಲನ್ನು ಕೊನೆವರೆಗೂ ಓದಿ." ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಎಫೆಕ್ಟಿವ್ ಅಂತಿದೆ, ಮುಂದೆ ಮೂರು ಅಡ್ಡಗೆರೆ."

ಅಂದರೆ ಹೆಸರಿದ್ದರೂ ನಿಜವಾಗಿ ಸಿಗುವ ಅನುಮತಿ ಸೊನ್ನೆ. ಗುಟ್ಟು ಅಲ್ಲೇ ಇತ್ತು. ಎಸಿಎಲ್‌ನಲ್ಲಿ ಮಾಸ್ಕ್ ಅಂತ ಒಂದು ಸಾಲಿದೆ. ಹೆಸರು ಹೇಳಿ ಕೊಟ್ಟ ಅನುಮತಿ, ಗುಂಪಿಗೆ ಕೊಟ್ಟ ಅನುಮತಿ, ಯಾವುದೂ ಆ ಮಾಸ್ಕ್ ದಾಟುವಂತಿಲ್ಲ. ಯಾರೋ ಫೈಲ್ ಭದ್ರವಾಗಿರಲಿ ಅಂತ ಸಿಎಚ್‌ಮಾಡ್ 600 ಹೊಡೆದಿದ್ದರು. ಎಸಿಎಲ್ ಇರುವ ಫೈಲಿನಲ್ಲಿ ಸಿಎಚ್‌ಮಾಡ್‌ನ ನಡುವಿನ ಅಂಕಿ ಹೋಗಿ ಕೂರುವುದು ಗುಂಪಿನ ಮೇಲಲ್ಲ, ಮಾಸ್ಕ್ ಮೇಲೆ. ಸೊನ್ನೆ ಹಾಕಿದ್ದರಿಂದ ಮೇಡಂ ಹೆಸರು ಪಟ್ಟಿಯಲ್ಲಿ ಉಳಿಯಿತು, ಅನುಮತಿ ಹೋಯಿತು. ಮಾಸ್ಕ್ ಅನ್ನು ಮತ್ತೆ ಆರ್‌ಡಬ್ಲ್ಯೂ ಮಾಡಿದರೆ ಮುಗಿಯಿತು. ಒಂದು ನಿಮಿಷದ ಕೆಲಸ.

ಆದರೆ ನಾವು ಫೋನ್‌ನಲ್ಲಿ ಮಾತಾಡುತ್ತಿರುವಾಗಲೇ ಲ್ಯಾಬ್‌ನ ಸಿಬ್ಬಂದಿಯೊಬ್ಬರು ಸಹಾಯ ಮಾಡಲು ಹೋಗಿ ಇಡೀ ಫೋಲ್ಡರ್‌ಗೆ 777 ಹೊಡೆದರು. ಅದೇ ಸರ್ವರ್‌ನಲ್ಲಿ ವಿದ್ಯಾರ್ಥಿಗಳ ಖಾತೆಗಳೂ ಇದ್ದವು. ಅಂಕಗಳ ಫೈಲ್, ವಿದ್ಯಾರ್ಥಿಗಳು ತಿದ್ದಬಹುದಾದ ಸ್ಥಿತಿಯಲ್ಲಿ! ಯಾರೂ ಮುಟ್ಟಿರಲಿಲ್ಲ. ಆದರೆ ಮುಟ್ಟಿಲ್ಲ ಅಂತ ತೋರಿಸುವುದು ಹೇಗೆ? ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಒಬ್ಬರು ಅಂಕ ಓದುತ್ತಾ, ಇನ್ನೊಬ್ಬರು ಪರದೆ ನೋಡುತ್ತಾ, ಒಂದೊಂದನ್ನೂ ತಾಳೆ ನೋಡಿದರು. ಮೇಡಂ ಕೂಡ ಅದರಲ್ಲಿ ಕೂತಿದ್ದರು. ಅವರ ತಪ್ಪು ಎಳ್ಳಷ್ಟೂ ಇರಲಿಲ್ಲ. ದಯವಿಟ್ಟು ಹೆಸರು ಹೇಳಿ ಅನುಮತಿ ಕೊಡಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಫೈಲ್‌ಗಳನ್ನು ವಿವರವಾಗಿ ತೋರಿಸುವ ಎಲ್‌ಎಸ್ ಮೈನಸ್ ಎಲ್ ಹೊಡೆದಾಗ ಅನುಮತಿಯ ಅಕ್ಷರಗಳ ಕೊನೆಗೆ ಪ್ಲಸ್ ಚಿಹ್ನೆ ಕಂಡರೆ ಅಲ್ಲಿ ಎಸಿಎಲ್ ಇದೆ ಅಂತ ಅರ್ಥ. ಅಂಥ ಫೈಲಿನ ಮೇಲೆ ಸುಮ್ನೆ ಸಿಎಚ್‌ಮಾಡ್ ಓಡಿಸಬೇಡಿ, ಮೊದಲು ಗೆಟ್‌ಎಫ್‌ಎಸಿಎಲ್ ನೋಡಿ. ಫೋಲ್ಡರ್‌ನಲ್ಲಿ ಮುಂದೆ ಹುಟ್ಟುವ ಫೈಲ್‌ಗಳಿಗೂ ಅದೇ ಪಟ್ಟಿ ಬರಬೇಕಾದರೆ ಡಿಫಾಲ್ಟ್ ಎಸಿಎಲ್ ಹಾಕಿ. ಫೈಲಿಗೆ ಅನುಮತಿ ಕೊಟ್ಟರೂ ತೆರೆಯದಿದ್ದರೆ, ಅದರ ಮೇಲಿನ ಫೋಲ್ಡರ್‌ಗಳಲ್ಲಿ ಆ ವ್ಯಕ್ತಿಗೆ ಎಕ್ಸ್, ಅಂದರೆ ಫೋಲ್ಡರ್ ಒಳಗೆ ಹೋಗುವ ಅನುಮತಿ, ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೂ ಅವರ ಹೆಸರು ಹೇಳಿಯೇ ಕೊಡಿ.

ಇನ್ನೊಂದು. ಕರ್ನಲ್ ಪಟ್ಟಿ ನೋಡುವುದು ಫೈಲ್ ತೆರೆಯುವ ಹೊತ್ತಿನಲ್ಲಿ. ಆಗಲೇ ತೆರೆದುಕೊಂಡಿರುವ ಪ್ರೋಗ್ರಾಂ, ನೀವು ಹೆಸರು ತೆಗೆದ ಮೇಲೂ ಓದುತ್ತಲೇ ಇರುತ್ತದೆ. ಹಾಗಾಗಿ ಕೆಲಸ ಬಿಟ್ಟು ಹೋದವರ ಹೆಸರು ತೆಗೆದಾಗ ಅವರ ಖಾತೆಯಲ್ಲಿ ಓಡುತ್ತಿರುವ ಪ್ರೋಗ್ರಾಂಗಳನ್ನೂ ಅವತ್ತೇ ನಿಲ್ಲಿಸಿ. ನಮಸ್ಕಾರ.