ಮೆಷಿನ್ ಅದೇ, ಲಿನಕ್ಸ್ ಬೇರೆ

ನಮಸ್ಕಾರ. ಇದು ನಮ್ಮ ಮನೆಯ ಮೆಟ್ಟಿಲ ಕೆಳಗಿರುವ ಹಳೇ ಡೆಸ್ಕ್‌ಟಾಪ್. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಆದರೆ ಅಜ್ಜಿ ಹಾಡಿದ ಸೋಬಾನೆ ಪದಗಳು, ಮನೆಯವರೆಲ್ಲರ ಫೋಟೋಗಳು, ಎಲ್ಲವೂ ಇದರಲ್ಲೇ ಇವೆ. ಮನೆಯವರ ಫೋನ್, ಲ್ಯಾಪ್‌ಟಾಪ್‌ಗಳಿಂದ ಫೈಲ್ ತೆರೆಯಲು ಸಾಂಬಾ ಶೇರ್, ಯಾರಿಗೆ ಯಾವ ಫೋಲ್ಡರ್, ರಾತ್ರಿ ಎರಡಕ್ಕೆ ಓಡುವ ಬ್ಯಾಕಪ್, ಒಂದೊಂದನ್ನೂ ಕೂತು ಹೊಂದಿಸಿದ್ದೇನೆ.

ಇದರಲ್ಲಿದ್ದದ್ದು ಸೆಂಟ್‌ಓಎಸ್ 8, ಲಿನಕ್ಸ್‌ನ ಒಂದು ಬಗೆಯ ಆಪರೇಟಿಂಗ್ ಸಿಸ್ಟಮ್. 2019ರಲ್ಲಿ ಬಂದಾಗ 2029ರವರೆಗೆ ಅಪ್‌ಡೇಟ್ ಇರುತ್ತದೆ ಎಂದಿತ್ತು. ಮರುವರ್ಷ ನಿರ್ಧಾರ ಬದಲಾಯಿತು. 2021ರ ಡಿಸೆಂಬರ್ 31ಕ್ಕೆ ಅಪ್‌ಡೇಟ್ ನಿಂತೇ ಹೋಯಿತು. ಅಲ್ಲಿಂದ ಇಲ್ಲಿಯವರೆಗೆ ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ. ಆದರೂ ಫಾರ್ಮ್ಯಾಟ್ ಮಾಡಲು ಮನಸ್ಸು ಬರಲಿಲ್ಲ.

ಅದಕ್ಕೇ ಏನನ್ನೂ ಅಳಿಸದೆ, ಇದ್ದಲ್ಲೇ ಆಲ್ಮಾಲಿನಕ್ಸ್ 8 ಎಂಬ ಇನ್ನೊಂದು ಲಿನಕ್ಸ್‌ಗೆ ಬದಲಾಯಿಸಿದೆ. ಎರಡೂ ರೆಡ್ ಹ್ಯಾಟ್ ಎಂಬ ಕಂಪನಿಯ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಕುಡಿಗಳೇ. ಪ್ಯಾಕೇಜ್‌ಗಳ, ಅಂದರೆ ಸಾಫ್ಟ್‌ವೇರ್ ಕಟ್ಟುಗಳ, ಹೆಸರು ಅವೇ, ಫೈಲ್‌ಗಳ ಜಾಗ ಅದೇ. ಪ್ಯಾಕೇಜ್ ಎಲ್ಲಿಂದ ಬರುತ್ತದೆ, ಅದರ ಮೇಲೆ ಯಾರ ಸಹಿ ಇದೆ, ಮುಖ್ಯವಾಗಿ ಬದಲಾಗುವುದು ಅಷ್ಟೇ. ದಿನಸಿ ಅಂಗಡಿ ಬದಲಾಯಿತು ಅಂತ ಅಡುಗೆಮನೆ ಕೆಡವಬೇಕಿಲ್ಲ, ಅಲ್ವಾ?

ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿದೆ. ಸುಮ್ನೆ ಕಾಪಿ ಮಾಡಿದರೆ ಸಾಲದು. ಅಜ್ಜಿಯ ಒಂದು ಹಾಡನ್ನು ಆ ಡಿಸ್ಕ್‌ನಿಂದಲೇ ಹಾಕಿ, ಕೊನೆಯವರೆಗೂ ಕೇಳಿದೆ. ಹೊರಗೆ ಮಳೆ ಜಾಸ್ತಿಯಾಗಿತ್ತು. ಅರ್ಧದಲ್ಲಿ ಕರೆಂಟ್ ಹೋದರೆ ಕಷ್ಟ ಎಂದು ಮೆಷಿನ್ನನ್ನು ಯುಪಿಎಸ್‌ಗೆ ಹಾಕಿದೆ. ಲ್ಯಾಪ್‌ಟಾಪ್‌ನ ವೈಫೈ ಕಡಿದರೂ ಕೆಲಸ ನಿಲ್ಲಬಾರದಲ್ಲ, ಹಾಗಾಗಿ ಎಲ್ಲವನ್ನೂ ಟಿಮಕ್ಸ್ ಒಳಗೆ ಓಡಿಸಿದೆ, ಸಂಪರ್ಕ ಕಡಿದರೂ ಕೆಲಸವನ್ನು ಮೆಷಿನ್‌ನಲ್ಲೇ ಮುಂದುವರಿಸುವ ಪ್ರೋಗ್ರಾಂ ಅದು. ನೀವು ಮಾಡುವಾಗ ಈ ಮೂರನ್ನು ದಯವಿಟ್ಟು ಬಿಡಬೇಡಿ.

ಸೆಂಟ್‌ಓಎಸ್ 8ರ ಮಿರರ್‌ಗಳು, ಅಂದರೆ ಪ್ಯಾಕೇಜ್ ಕೊಡುತ್ತಿದ್ದ ಸರ್ವರ್‌ಗಳು, ಈಗಿಲ್ಲ. ಪ್ಯಾಕೇಜ್ ಎಲ್ಲಿಂದ ತರಬೇಕೆಂದು ಹೇಳುವ ರೆಪೊ ಫೈಲ್‌ಗಳಲ್ಲಿ, ಹಳೆಯ ಆವೃತ್ತಿಗಳನ್ನು ಇಟ್ಟಿರುವ ವಾಲ್ಟ್‌ನ ವಿಳಾಸ ಕೊಟ್ಟು, ಮೊದಲು 8.5ಕ್ಕೆ ತಂದೆ. ಆಮೇಲೆ ಆಲ್ಮಾದವರೇ ಕೊಡುವ ಡಿಪ್ಲಾಯ್ ಸ್ಕ್ರಿಪ್ಟ್. ಅದು ಇದು ಯಾವ ಲಿನಕ್ಸ್ ಎಂದು ಹೇಳುವ ಸೆಂಟ್‌ಓಎಸ್‌ನ ರಿಲೀಸ್ ಪ್ಯಾಕೇಜ್ ತೆಗೆದು ಆಲ್ಮಾದ್ದನ್ನು ಕೂರಿಸುತ್ತದೆ, ನಂತರ ಉಳಿದ ಪ್ಯಾಕೇಜ್‌ಗಳನ್ನೂ ಆಲ್ಮಾದವಕ್ಕೆ ಹೊಂದಿಸುವ ಡಿಸ್ಟ್ರೋ-ಸಿಂಕ್ ಓಡಿಸುತ್ತದೆ. ಇಲ್ಲಿ ನೋಡಿ, ನೂರಾರು ಪ್ಯಾಕೇಜ್‌ಗಳು ಒಂದರ ಹಿಂದೆ ಒಂದು. ಪಕ್ಕದಲ್ಲಿಟ್ಟ ಕಾಫಿ ತಣ್ಣಗಾಗಿ ಕೆನೆ ಕಟ್ಟಿತು.

ರೀಬೂಟ್ ಕೊಟ್ಟೆ. ಮೆಷಿನ್ ಎದ್ದಿದೆಯೇ ಎಂದು ಲ್ಯಾಪ್‌ಟಾಪ್‌ನಿಂದ ಕೇಳುವ ಪಿಂಗ್‌ಗೆ ಉತ್ತರವಿಲ್ಲ. ಇನ್ನೂ ಇಲ್ಲ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆಮೇಲೆ ಒಂದು ಸಾಲು ಬಂತು, ಮತ್ತೊಂದು ಬಂತು. ಲಾಗಿನ್ ಆದೆ. ಆಲ್ಮಾಲಿನಕ್ಸ್ 8.10, ಸೆರೂಲಿಯನ್ ಲೆಪರ್ಡ್! ಆಲ್ಮಾದ ಆವೃತ್ತಿಗಳಿಗೆ ಬೆಕ್ಕಿನ ಜಾತಿಯ ಹೆಸರಿಡುತ್ತಾರೆ, ನನಗದು ತುಂಬಾ ಇಷ್ಟ. ಗ್ರಬಿ ಎಂಬ ಕಮಾಂಡ್‌ನಲ್ಲಿ ಡೀಫಾಲ್ಟ್ ಕರ್ನಲ್, ಅಂದರೆ ಬೂಟ್ ಆಗುವಾಗ ಏಳುವ ಲಿನಕ್ಸ್‌ನ ತಿರುಳು, ಯಾವುದೆಂದು ನೋಡಿದೆ, ಅದೂ ಆಲ್ಮಾದ್ದೇ. ಇನ್ನು 2029ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ.

ಬೆಳಿಗ್ಗೆ ಅಮ್ಮ ಎಂದಿನಂತೆ ಫೋನ್‌ನಲ್ಲಿ ಅದೇ ಫೋಲ್ಡರ್ ತೆರೆದರು. ಅಡುಗೆಮನೆಯಿಂದ ಅಜ್ಜಿಯ ಹಾಡು ಕೇಳಿಸಿತು.