ಕೋಟಿ ಡಿಗ್ರಿಯನ್ನು ಅಳೆದ ಬೆಳಕು

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳಹೊರಟಿರುವುದು ಒಂದು ಅಳತೆಯ ಕಥೆ. ಅಳೆದದ್ದು ಏನನ್ನು ಎಂದು ತಿಳಿಯಲು ಮಾತ್ರ ಮೊದಲು ಕೋಡುಬಳೆಯನ್ನು ನೆನೆಸಿಕೊಳ್ಳಬೇಕು.

ಸೂರ್ಯನ ಒಡಲಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ಬಿಸಿ. ಅಲ್ಲಿನ ಒತ್ತಡ ನಮಗೆ ದಕ್ಕುವುದಿಲ್ಲ. ಆದ್ದರಿಂದ ಸೂರ್ಯನಲ್ಲಿ ನಡೆಯುವಂತೆ ಹೈಡ್ರೋಜನ್ ಪರಮಾಣುಗಳ ಬೀಜಗಳನ್ನು ಭೂಮಿಯ ಮೇಲೆ ಬೆಸೆಯಲು, ಅಂದರೆ ಸಮ್ಮಿಲನಕ್ಕೆ, ಅದರ ಹತ್ತು ಪಟ್ಟು ಬಿಸಿ ಬೇಕು. ಆಗ ಅನಿಲ ಪ್ಲಾಸ್ಮಾ ಆಗಿರುತ್ತದೆ, ಎಲೆಕ್ಟ್ರಾನುಗಳು ಬೇರೆ, ಅವನ್ನು ಕಳೆದುಕೊಂಡ ಪರಮಾಣುಗಳಾದ ಅಯಾನುಗಳು ಬೇರೆ. 'ಪಾತ್ರೆ ಕರಗಿಹೋಗುವುದಿಲ್ಲವೇ?' ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಈ ಪ್ಲಾಸ್ಮಾ ನಾವು ಉಸಿರಾಡುವ ಗಾಳಿಗಿಂತ ಲಕ್ಷ ಪಟ್ಟಿಗೂ ಹೆಚ್ಚು ತೆಳು. ಗೋಡೆಗೆ ಹಾನಿ ಆಗದೆಂದಲ್ಲ. ಅದಕ್ಕಿಂತ ಮೊದಲ ಚಿಂತೆ, ಗೋಡೆ ತಾಕಿದೊಡನೆ ಪ್ಲಾಸ್ಮಾವೇ ತಣ್ಣಗಾಗಿಬಿಡುತ್ತದೆ ಎಂಬುದು.

ವಿದ್ಯುದಾವೇಶವಿರುವ ಕಣ ಕಾಂತರೇಖೆಯನ್ನು ಬಳ್ಳಿಯ ಹಾಗೆ ಸುತ್ತುತ್ತಾ ಸಾಗುತ್ತದೆ. ರೇಖೆ ನೇರವಾಗಿದ್ದರೆ ತುದಿಯಲ್ಲಿ ಸೋರಿಹೋಗುತ್ತದೆ. ಸರಿ, ಕೊಳವೆಯನ್ನು ಬಾಗಿಸಿ ತುದಿಗೆ ತುದಿ ಕೂಡಿಸಿದರೆ ಕೋಡುಬಳೆಯಾಯಿತು, ಸೋರಲು ತುದಿಯೇ ಇಲ್ಲ. ತೊಡಕು ಹುಟ್ಟುವುದೂ ಅಲ್ಲಿಯೇ. ಸುತ್ತಲೂ ಜೋಡಿಸಿದ ತಂತಿಸುರುಳಿಗಳು ಬಳೆಯ ಒಳಮಗ್ಗುಲಲ್ಲಿ ಒತ್ತೊತ್ತಾಗಿ, ಹೊರಮಗ್ಗುಲಲ್ಲಿ ವಿರಳವಾಗಿ ಕೂರುತ್ತವೆ. ಒಳಗೆ ಕಾಂತಕ್ಷೇತ್ರ ಬಲ, ಹೊರಗೆ ದುರ್ಬಲ. ಈ ಏರುಪೇರಿನಿಂದ ಅಯಾನುಗಳು ಮೇಲಕ್ಕೆ ಜರುಗಿದರೆ ಎಲೆಕ್ಟ್ರಾನುಗಳು ಕೆಳಕ್ಕೆ ಜರುಗುತ್ತವೆ. ಎರಡರ ನಡುವೆ ವಿದ್ಯುತ್ ಕ್ಷೇತ್ರವೇಳುತ್ತದೆ. ಅದು ಇಡೀ ಪ್ಲಾಸ್ಮಾವನ್ನು ಹೊರಗೋಡೆಯತ್ತ ತಳ್ಳುತ್ತದೆ.

ಇದಕ್ಕೆ ಮದ್ದು ರೇಖೆಗಳನ್ನು ಹಗ್ಗದಂತೆ ಹೊಸೆಯುವುದು. ಹೊಸೆದ ರೇಖೆ ಬಳೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಸುತ್ತಿ ಬರುವುದರಿಂದ ಬೇರ್ಪಟ್ಟ ಆವೇಶಗಳು ಅದರ ಗುಂಟ ಹರಿದು ಮತ್ತೆ ಕೂಡುತ್ತವೆ. ಮಾಸ್ಕೋದಲ್ಲಿ ಇಗೋರ್ ತಾಮ್ ಮತ್ತು ಆಂದ್ರೇ ಸಖಾರೋವ್ 1950ರ ಹೊತ್ತಿಗೆ ಬಳೆಯಾಕಾರದ ಕಾಂತಬಂಧನವನ್ನು ಯೋಚಿಸಿದ್ದರು. ಅಲ್ಲಿಂದ ಬೆಳೆದ ಟೋಕಮಾಕ್ ಎಂಬ ಯಂತ್ರದಲ್ಲಿ ಪ್ಲಾಸ್ಮಾದೊಳಗೇ ವಿದ್ಯುತ್ ಹರಿಸಿ ಈ ಹೊಸೆತ ತರುತ್ತಾರೆ. ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿ ಆ ಪ್ಲಾಸ್ಮಾವೇ! ಈ ಉಪಾಯ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಲೈಮನ್ ಸ್ಪಿಟ್ಜರ್ 1951ರಲ್ಲಿ ಹಿಡಿದ ದಾರಿ ಬೇರೆ, ಹೊಸೆತವನ್ನು ಹೊರಗಿನಿಂದಲೇ ಕೊಡುವ ಸ್ಟೆಲ್ಲರೇಟರ್.

ಇನ್ನು ಅಳತೆಗೆ ಬರೋಣ. 1968ರಲ್ಲಿ ನೊವೊಸಿಬಿರ್ಸ್ಕ್‌ನ ಸಮ್ಮೇಳನದಲ್ಲಿ ಸೋವಿಯತ್ ವಿಜ್ಞಾನಿ ಲೆವ್ ಆರ್ಟ್ಸಿಮೋವಿಚ್ ಅವರ ತಂಡ ತಮ್ಮ ಟಿ-3 ಟೋಕಮಾಕ್ ಕೋಟಿ ಡಿಗ್ರಿಯ ಆಸುಪಾಸು ಮುಟ್ಟಿದೆ ಎಂದಿತು. ಪಶ್ಚಿಮದವರು ಒಪ್ಪಲಿಲ್ಲ. ಅದರಲ್ಲಿ ತಪ್ಪೂ ಇರಲಿಲ್ಲ. ಹತ್ತು ವರ್ಷದ ಹಿಂದೆ, 1958ರಲ್ಲಿ, ಬ್ರಿಟನ್ನಿನ ಝೀಟಾ ಯಂತ್ರದವರು ಸಮ್ಮಿಲನದ ಗುರುತೆನಿಸುವ ನ್ಯೂಟ್ರಾನುಗಳನ್ನು ಕಂಡು ಸಮ್ಮಿಲನ ಸಾಧಿಸಿದೆವೆಂದು ಸಾರಿ, ಕೆಲವೇ ತಿಂಗಳಲ್ಲಿ ಆ ಮಾತನ್ನು ಹಿಂದೆಗೆದುಕೊಂಡಿದ್ದರು. ಟಿ-3ರಲ್ಲಿಯೂ ಇಡೀ ಪ್ಲಾಸ್ಮಾ ಕಾದಿದೆಯೋ, ಅಥವಾ ಓಟ ಕಿತ್ತ ಕೆಲವೇ ಎಲೆಕ್ಟ್ರಾನುಗಳು ಲೆಕ್ಕವನ್ನು ಹಿಗ್ಗಿಸಿವೆಯೋ?

ಆರ್ಟ್ಸಿಮೋವಿಚ್ ಮಾಡಿದ ಕೆಲಸವನ್ನು ಗಮನಿಸಿ. ಶೀತಲ ಸಮರದ ಆ ದಿನಗಳಲ್ಲಿ ಅವರು ಬ್ರಿಟನ್ನಿನ ಕಲ್ಹಮ್ ಪ್ರಯೋಗಾಲಯದವರನ್ನು ಮಾಸ್ಕೋಗೆ, ಅದೂ ಪರಮಾಣು ಸಂಶೋಧನೆಯ ಕುರ್ಚಾಟೋವ್ ಸಂಸ್ಥೆಯೊಳಕ್ಕೆ, ಕರೆದರು: ನೀವೇ ಬಂದು ಅಳೆಯಿರಿ ಎಂದು. ನಿಕೋಲ್ ಪೀಕಾಕ್, ಡೆರೆಕ್ ರಾಬಿನ್‌ಸನ್ ಮತ್ತು ಜೊತೆಗಾರರು ಟನ್ನುಗಟ್ಟಲೆ ಉಪಕರಣ ಹೊತ್ತು ಹೋದರು. ಮಾಣಿಕ್ಯದ ಲೇಸರಿನ ಬೆಳಕನ್ನು ಪ್ಲಾಸ್ಮಾದೊಳಕ್ಕೆ ಬಿಟ್ಟರು. ಎಲೆಕ್ಟ್ರಾನುಗಳು ಆ ಬೆಳಕನ್ನು ಚೆದುರಿಸುತ್ತವೆ. ಅವು ಎಷ್ಟು ವೇಗದಲ್ಲಿವೆಯೋ ಚೆದುರಿದ ಬೆಳಕಿನ ಬಣ್ಣ ಅಷ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ. ಆ ಅಗಲವೇ ಉಷ್ಣಮಾಪಕ. ಕಷ್ಟವೆಂದರೆ ಚೆದುರಿ ಬರುವ ಬೆಳಕು ಅತ್ಯಲ್ಪ, ಪ್ಲಾಸ್ಮಾದ ಸ್ವಂತ ಹೊಳಪಿನಲ್ಲಿ ಮುಳುಗಿಹೋಗುವಷ್ಟು. ಅದನ್ನು ಹೆಕ್ಕಿ ತೆಗೆಯುವುದೇ ಅವರ ದುಡಿಮೆ.

1969ರಲ್ಲಿ ಉತ್ತರ ಬಂತು. ರಷ್ಯನ್ನರು ಹೇಳಿದ್ದು ನಿಜ, ಎಲೆಕ್ಟ್ರಾನುಗಳು ಕೋಟಿ ಡಿಗ್ರಿಯ ಹತ್ತಿರವೇ ಇದ್ದವು. ಫಲಿತಾಂಶ ಆ ವರ್ಷದ ನವೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಅಷ್ಟರಲ್ಲೇ ಪ್ರಿನ್ಸ್‌ಟನ್‌ನವರು ತಮ್ಮ ದೊಡ್ಡ ಸ್ಟೆಲ್ಲರೇಟರನ್ನು ಟೋಕಮಾಕ್ ಆಗಿ ಬದಲಿಸಲು ನಿರ್ಧರಿಸಿಯಾಗಿತ್ತು. 1970ರಲ್ಲಿ ಅದು ಹೊಸ ರೂಪದಲ್ಲಿ ಚಾಲೂ ಆಯಿತು. 1989ರಲ್ಲಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಚಾಲನೆಗೊಂಡ ನಮ್ಮ 'ಆದಿತ್ಯ'ವೂ ಟೋಕಮಾಕೇ, ಆ ಹೊಸೆದ ಕೋಡುಬಳೆಯ ವಂಶದ್ದೇ.